ಹಡಗಿನ ಜಾಡು, ಅನಿಲದ ಆಸೆ

ಸಮುದ್ರದ ಮೇಲೆ ಕಣ್ಣಿಟ್ಟು ಬದುಕುವವರಲ್ಲಿ ಮೀನುಗಾರರು ಮೊದಲಿಗರು, ನಾವಿಕರು ಎರಡನೆಯವರು. ಮೂರನೆಯವರಾಗಿ ವ್ಯಾಪಾರಿಗಳನ್ನು ಹೆಸರಿಸಬೇಕು. ಹಡಗು ಯಾವ ಬಂದರನ್ನು ಬಿಟ್ಟಿದೆ, ಎಲ್ಲಿಗೆ ಬಂದಿದೆ, ದಾರಿಯಲ್ಲಿ ಏನಾದರೂ ಕೇಡಾಯಿತೆ ಎಂಬ ಸುದ್ದಿಗಾಗಿ ಅವರು ಎಂದಿನಿಂದಲೂ ಕಾತರರು. 17ನೆಯ ಶತಮಾನದ ಕೊನೆಯಲ್ಲಿ ಲಂಡನ್ ನಗರದಲ್ಲಿ ಎಡ್ವರ್ಡ್ ಲಾಯ್ಡ್ ಎಂಬಾತ ನಡೆಸುತ್ತಿದ್ದ ಕಾಫಿ ಅಂಗಡಿಗೆ ವರ್ತಕರು ಹೋಗುತ್ತಿದ್ದುದು ಕಾಫಿಗಾಗಿ ಮಾತ್ರವಲ್ಲ, ಅಲ್ಲಿ ದೊರೆಯುತ್ತಿದ್ದ ಹಡಗುಗಳ ವಾರ್ತೆಗಾಗಿಯೂ ಹೌದು. ಆ ಅಂಗಡಿಯ ಹೆಸರನ್ನೇ ಹೊತ್ತ ‘ಲಾಯ್ಡ್ಸ್ ಲಿಸ್ಟ್’ ಪತ್ರಿಕೆ 1734ರಲ್ಲಿ ಆರಂಭವಾಯಿತು. ವಿಮೆಯ ದೊಡ್ಡ ವ್ಯವಹಾರವೊಂದು ಆ ಅಂಗಡಿಯ ಮೇಜುಗಳಿಂದಲೇ ಬೆಳೆಯಿತು.

ಇಂದು ನಾನು ಹೇಳಹೊರಟಿರುವುದು ಆ ಕಾತರದ ಹೊಸ ರೂಪವನ್ನು ಕುರಿತು. ಕಡಲಿನಾಳದ ಅನಿಲ ನಿಕ್ಷೇಪಗಳಲ್ಲಿ ಹಣ ತೊಡಗಿಸಿದ ಕಂಪೆನಿಗಳ ಷೇರುಗಳನ್ನು ಕೊಂಡಿರುವ ಸಾಮಾನ್ಯ ಜನ, ಆ ಕಂಪೆನಿಗಳಿಗಾಗಿ ದುಡಿಯುವ ಹಡಗುಗಳ ಚಲನವಲನವನ್ನು ಮನೆಯಲ್ಲಿ ಕುಳಿತೇ ಗಮನಿಸುತ್ತಿದ್ದಾರೆ. ಕೊರೆಯುವ ಹಡಗು ನಿನ್ನೆ ಎಲ್ಲಿತ್ತು, ಇಂದು ಎಲ್ಲಿದೆ ಎಂದು ನೋಡಿ, ನಾಳೆ ಷೇರಿನ ಬೆಲೆ ಏನಾದೀತೆಂದು ಊಹಿಸುತ್ತಾರೆ.

ಇದು ಸಾಧ್ಯವಾದದ್ದು ಹೇಗೆಂಬುದನ್ನು ಮೊದಲು ತಿಳಿಯೋಣ. ಅಂತರರಾಷ್ಟ್ರೀಯ ಯಾನದಲ್ಲಿ ತೊಡಗುವ 300 ಟನ್ನಿಗೂ ಮೇಲ್ಪಟ್ಟ ಹಡಗುಗಳು ತಮ್ಮ ಹೆಸರು, ಸ್ಥಾನ, ವೇಗ, ದಿಕ್ಕು ಇವುಗಳನ್ನು ರೇಡಿಯೋ ಮೂಲಕ ಸತತವಾಗಿ ಸಾರುತ್ತಿರಬೇಕೆಂಬ ನಿಯಮ 2004ರ ಅಂತ್ಯದ ಹೊತ್ತಿಗೆ ಜಗತ್ತಿನಾದ್ಯಂತ ಜಾರಿಗೆ ಬಂದಿತು. ಒಂದು ಹಡಗು ಇನ್ನೊಂದಕ್ಕೆ ಡಿಕ್ಕಿ ಹೊಡೆಯದಿರಲಿ ಎಂಬುದೇ ಇದರ ಉದ್ದೇಶ. ಷೇರುಪೇಟೆಯ ಯೋಚನೆ ಅದನ್ನು ರೂಪಿಸಿದವರ ತಲೆಯಲ್ಲಿ ಇರಲಿಲ್ಲ. ಆದರೆ ಬಾನಿಗೆ ಬಿಟ್ಟ ಮಾತು ಎಲ್ಲರ ಕಿವಿಗೂ ಬೀಳುತ್ತದೆಯಷ್ಟೆ. ದಡದಲ್ಲಿ ಗ್ರಾಹಕ ಯಂತ್ರವಿಟ್ಟುಕೊಂಡವರು ಈ ಸಂಕೇತಗಳನ್ನು ಹಿಡಿದರು. ಮುಂದೆ ಉಪಗ್ರಹಗಳೂ ಹಿಡಿಯತೊಡಗಿದವು. ಈಗ ಅಂಗೈಯಗಲದ ದೂರವಾಣಿಯಲ್ಲಿ ಬಂಗಾಳಕೊಲ್ಲಿಯ ನಕ್ಷೆಯನ್ನು ತೆರೆದರೆ ಹಡಗುಗಳು ಬಣ್ಣಬಣ್ಣದ ಚುಕ್ಕೆಗಳಾಗಿ ಕಾಣುತ್ತವೆ.

ನಾನೂ ಕುತೂಹಲದಿಂದ ಈ ನಕ್ಷೆಯನ್ನು ನೋಡುವವನೆ. ಸ್ವಲ್ಪ ಅಭ್ಯಾಸವಾದರೆ ಪ್ರತಿಯೊಂದು ಹಡಗಿನ ಕಸುಬನ್ನು ಅದರ ಹೆಜ್ಜೆಯ ಗುರುತಿನಿಂದಲೇ ಹೇಳಬಹುದು. ಭೂಕಂಪನ ಸಮೀಕ್ಷೆಯ ಹಡಗು ಕಿಲೋಮೀಟರುಗಟ್ಟಲೆ ಉದ್ದದ ತಂತಿಗಳನ್ನು ಹಿಂದೆ ಎಳೆದುಕೊಂಡು, ನೇಗಿಲು ಹೂಡಿದ ಎತ್ತಿನಂತೆ ಸಾಲಿನ ಪಕ್ಕಕ್ಕೆ ಸಾಲು ಹಿಡಿದು ನಿಧಾನವಾಗಿ ಹೋಗಿಬರುತ್ತದೆ. ಕೊರೆಯುವ ಹಡಗು ಒಂದೇ ಬಿಂದುವಿನಲ್ಲಿ ವಾರಗಟ್ಟಲೆ, ತಿಂಗಳುಗಟ್ಟಲೆ ನಿಲ್ಲುತ್ತದೆ. ಆಳ ಸಮುದ್ರದಲ್ಲಾದರೆ ಲಂಗರಿನ ನೆರವಿಲ್ಲದೆ ತನ್ನ ಯಂತ್ರಗಳ ಬಲದಿಂದಲೇ ಅದು ಹಾಗೆ ನಿಂತಿರಬಲ್ಲದು. ಅದಕ್ಕೆ ಅನ್ನ, ನೀರು, ಸಿಮೆಂಟು, ಉಕ್ಕಿನ ಕೊಳವೆ ಒದಗಿಸುವ ಚಿಕ್ಕ ಹಡಗುಗಳು ಬಂದರಿಗೂ ಅದಕ್ಕೂ ನಡುವೆ ಗೂಡಿಗೆ ಗುಟುಕು ತರುವ ಹಕ್ಕಿಗಳಂತೆ ಓಡಾಡುತ್ತವೆ. ಕೊಳವೆ ಹಾಸುವ ಹಡಗು ದಿನಕ್ಕೆ ಕೆಲವೇ ಕಿಲೋಮೀಟರು ತೆವಳುತ್ತದೆ. ಕೊನೆಗೆ ತೇಲುವ ಸಂಸ್ಕರಣಾ ಹಡಗು ಬಂದು ಬೀಡುಬಿಡುತ್ತದೆ. ಈ ಸರಣಿಯನ್ನು ಅರಿತವನಿಗೆ ಕೆಲಸ ಯಾವ ಹಂತದಲ್ಲಿದೆ ಎಂಬುದು ಸುಮಾರಾಗಿ ಗೊತ್ತಾಗುತ್ತದೆ. ಇದೇನೂ ಕಡಮೆ ಲಾಭವಲ್ಲ. ಹಿಂದೆ ಕಂಪೆನಿಯ ವಾರ್ಷಿಕ ವರದಿಗಾಗಿ ಕಾಯಬೇಕಾಗಿದ್ದ ಸಣ್ಣ ಷೇರುದಾರನಿಗೆ ಈಗ ಸ್ವಂತದ ಒಂದು ಕಿಟಕಿ ದೊರೆತಿದೆ.

ಆದರೆ ಆ ಕಿಟಕಿಯಿಂದ ಕಾಣುವುದು ನೀರಿನ ಮೇಲ್ಮೈ ಮಾತ್ರ. ಅನಿಲವಿರುವುದು ಅದರ ಕೆಳಗೆ, ಬಹಳ ಕೆಳಗೆ. ಇಡೀ ವಿಷಯದ ತೊಡಕು ಇಲ್ಲಿದೆ. ಅದನ್ನು ನಮ್ಮ ದೇಶದ್ದೇ ಒಂದು ಉದಾಹರಣೆಯಿಂದ ವಿವರಿಸುತ್ತೇನೆ.

ಆಂಧ್ರದ ಕಾಕಿನಾಡದಾಚೆ, ಕೃಷ್ಣಾ-ಗೋದಾವರಿಗಳು ಯುಗಯುಗಗಳಿಂದ ತಂದು ಸುರಿದ ಮಣ್ಣಿನ ಪದರಗಳ ಮೇಲೆ ಬಂಗಾಳಕೊಲ್ಲಿ ನಿಂತಿದೆ. 2002ರಲ್ಲಿ ರಿಲಯನ್ಸ್ ಸಂಸ್ಥೆ ಅಲ್ಲಿಯ ಆಳ ಸಮುದ್ರದಲ್ಲಿ ದೊಡ್ಡ ಅನಿಲ ನಿಕ್ಷೇಪವನ್ನು ಕಂಡುಹಿಡಿಯಿತು. ‘ಡಿ-6’ ಎಂದು ಹೆಸರಾದ ಈ ಕ್ಷೇತ್ರದಿಂದ 2009ರ ಏಪ್ರಿಲ್‌ನಲ್ಲಿ ಅನಿಲ ಹರಿಯತೊಡಗಿತು. ಅದನ್ನು ಒಯ್ಯಲು ಕಾಕಿನಾಡದಿಂದ ತೆಲಂಗಾಣ, ಕರ್ನಾಟಕ, ಮಹಾರಾಷ್ಟ್ರಗಳನ್ನು ಹಾಯ್ದು ಗುಜರಾತಿನ ಭರೂಚಿನವರೆಗೆ ಸುಮಾರು 1,400 ಕಿಲೋಮೀಟರು ಉದ್ದದ ಕೊಳವೆ ಸಾಲನ್ನು ಹೂಳಲಾಗಿತ್ತು. ದಿನಕ್ಕೆ 8 ಕೋಟಿ ಘನ ಮೀಟರು ಅನಿಲ ಬರುವುದೆಂಬ ನಿರೀಕ್ಷೆಯಿತ್ತು. 2010ರಲ್ಲಿ ಉತ್ಪಾದನೆ 6 ಕೋಟಿಯನ್ನು ದಾಟಿತು. ಅಲ್ಲಿಂದ ಇಳಿಮುಖ. 2013ರ ಹೊತ್ತಿಗೆ ಅದು ದಿನಕ್ಕೆ ಒಂದೂವರೆ ಕೋಟಿ ಘನ ಮೀಟರಿಗೂ ಕೆಳಗೆ ಬಂದಿತ್ತು. ಒತ್ತಡ ಕುಸಿಯಿತು, ಬಾವಿಗಳಿಗೆ ನೀರು ಮತ್ತು ಮರಳು ನುಗ್ಗಿದವು, ಭೂಗರ್ಭದ ರಚನೆ ಎಣಿಸಿದ್ದಕ್ಕಿಂತ ಜಟಿಲವಾಗಿತ್ತು ಎಂದು ಕಂಪೆನಿ ಹೇಳಿತು. ಒಪ್ಪಿಕೊಂಡಷ್ಟು ಬಾವಿಗಳನ್ನು ತೋಡಲಿಲ್ಲವೆಂದು ಸರ್ಕಾರ ಹೇಳಿತು. ವ್ಯಾಜ್ಯ ಪಂಚಾಯಿತಿಗೆ ಹೋಯಿತು. ಮೊದಲ ಹಂತದ ಆ ಬಾವಿಗಳು 2020ರ ಫೆಬ್ರವರಿಯಲ್ಲಿ ಮುಚ್ಚಿದವು.

ಈಗ ಆಲೋಚಿಸಿ. ಆ ವರ್ಷಗಳಲ್ಲಿ ಸಮುದ್ರದ ಮೇಲೆ ಹಡಗುಗಳಿಗೆ ಬರವಿತ್ತೆ? ಇರಲಿಲ್ಲ. ಹಡಗುಗಳು ಬಂದವು, ಕೊರೆದವು, ಕೊಳವೆ ಹಾಸಿದವು. ಆದರೆ ಮರಳಿನ ಒಂದು ಪದರ ಇನ್ನೊಂದಕ್ಕೆ ಕೂಡಿಕೊಂಡಿದೆಯೋ ಇಲ್ಲವೋ, ನೀರು ಎತ್ತಣಿಂದ ನುಗ್ಗೀತು ಎಂಬುದನ್ನು ಯಾವ ನಕ್ಷೆಯ ಚುಕ್ಕೆಯೂ ಹೇಳಲಾರದಾಗಿತ್ತು.

ಈ ಕ್ಷೇತ್ರದಲ್ಲಿ ರಿಲಯನ್ಸಿನೊಂದಿಗೆ ಕೆನಡಾದ ನೀಕೋ ಎಂಬ ಕಂಪೆನಿಗೆ ಶೇಕಡಾ 10ರ ಪಾಲಿತ್ತು. ಒಂದೇ ಬಾವಿ, ಒಂದೇ ಅನಿಲ; ಆದರೆ ಇಬ್ಬರ ಷೇರುದಾರರ ಗತಿ ಒಂದೇ ಆಗಲಿಲ್ಲ. ರಿಲಯನ್ಸಿಗೆ ತೈಲ ಶುದ್ಧೀಕರಣ, ರಾಸಾಯನಿಕ, ಅಂಗಡಿ, ದೂರವಾಣಿ ಎಂದು ಹತ್ತು ಕಡೆ ಬೇರುಗಳಿದ್ದವು. ಒಂದು ಬೇರು ಒಣಗಿದರೂ ಮರ ನಿಂತಿತು. ನೀಕೋ ಕಂಪೆನಿಯ ಭಾರವೆಲ್ಲ ಇಂಥ ಕೆಲವೇ ಕ್ಷೇತ್ರಗಳ ಮೇಲಿತ್ತು. ಒಂದು ಕಾಲಕ್ಕೆ ನೂರು ಡಾಲರಿಗೂ ಮೇಲಿದ್ದ ಅದರ ಷೇರು 2015ರ ಕೊನೆಯ ವೇಳೆಗೆ ಒಂದು ಡಾಲರಿಗೂ ಕೆಳಗೆ ಇಳಿದಿತ್ತು. ಆದ್ದರಿಂದ ಹಡಗನ್ನು ನೋಡುವ ಮುನ್ನ ಕೇಳಬೇಕಾದ ಪ್ರಶ್ನೆಯೊಂದಿದೆ: ಈ ಒಂದು ಬಾವಿಯ ಮೇಲೆ ಕಂಪೆನಿಯ ಬದುಕಿನ ಎಷ್ಟು ಪಾಲು ನಿಂತಿದೆ? ಪಾಲು ಅಲ್ಪವಾಗಿದ್ದರೆ ಹಡಗಿನ ಸುದ್ದಿಯಿಂದ ಷೇರು ಕದಲದು. ಪಾಲು ಬಹುವಾಗಿದ್ದರೆ ಅದು ಹೂಡಿಕೆಗಿಂತ ಜೂಜಿಗೇ ಹತ್ತಿರ.

ಅದೇ ಕೃಷ್ಣಾ-ಗೋದಾವರಿ ಕಡಲಿನಲ್ಲಿ ಗುಜರಾತ್ ಸರ್ಕಾರದ ಪೆಟ್ರೋಲಿಯಂ ನಿಗಮ 20 ಟ್ರಿಲಿಯನ್ ಘನ ಅಡಿ ಅನಿಲ ದೊರೆತಿದೆ ಎಂಬ ಪ್ರಕಟಣೆಯನ್ನು 2005ರಲ್ಲಿ ಕೇಳಿಸಿತು. ಮುಂದೆ ಅಭಿವೃದ್ಧಿ ಯೋಜನೆಯನ್ನು ಸಿದ್ಧಪಡಿಸುವಾಗ ಉಳಿದದ್ದು ಅದರ ಹತ್ತನೆಯ ಒಂದು ಭಾಗದ ಆಸುಪಾಸು. 2017ರಲ್ಲಿ ಓ.ಎನ್.ಜಿ.ಸಿ. ಅದರ ಶೇಕಡಾ 80ರ ಪಾಲನ್ನು ಕೊಂಡುಕೊಂಡಿತು. ನೆಲದಡಿ ‘ಇರುವ’ ಅನಿಲ, ಅದರಲ್ಲಿ ಮೇಲಕ್ಕೆ ‘ತೆಗೆಯಬಹುದಾದ’ ಅನಿಲ, ಅದರಲ್ಲಿಯೂ ‘ಲಾಭಕ್ಕೆ ಮಾರಬಹುದಾದ’ ಅನಿಲ ಎಂಬ ಮೂರು ಲೆಕ್ಕಗಳುಂಟು. ಪತ್ರಿಕೆಯ ತಲೆಬರಹದಲ್ಲಿ ಸಾಮಾನ್ಯವಾಗಿ ಕಾಣುವುದು ಮೊದಲನೆಯದು. ಷೇರುದಾರನ ಕೈಗೆ ಬರುವುದು ಮೂರನೆಯದು. ಹಾಲಿನ ಲೆಕ್ಕವನ್ನು ತುಪ್ಪದ ಲೆಕ್ಕವೆಂದು ತಿಳಿಯಬಾರದು.

ಹಡಗು ಬಂದರೆ ಉತ್ಪಾದನೆ ಬಂತೆಂದು ನಂಬುವವರೂ ಉಂಟು. ಓ.ಎನ್.ಜಿ.ಸಿ. ತನ್ನ 98/2 ಎಂಬ ಕ್ಷೇತ್ರಕ್ಕಾಗಿ ಗೊತ್ತುಮಾಡಿದ ‘ಆರ್ಮಡಾ ಸ್ಟರ್ಲಿಂಗ್ 5’ ಎಂಬ ತೇಲುವ ಸಂಸ್ಕರಣಾ ಹಡಗು 2023ರ ಜನವರಿಯಲ್ಲಿ ಕಾಕಿನಾಡದಾಚೆ ಬಂದು ಸೇರಿತು. ಮೊದಲ ಎಣ್ಣೆ ಹರಿದದ್ದು 2024ರ ಜನವರಿ 7ರಂದು. ನಡುವೆ ಒಂದು ವರ್ಷ. ತಳದ ಬಾವಿಗಳಿಂದ ಬರುವ ಕೊಳವೆಗಳನ್ನು ಹಡಗಿಗೆ ಜೋಡಿಸಬೇಕು, ಒಂದೊಂದು ಕವಾಟವನ್ನೂ ಪರೀಕ್ಷಿಸಬೇಕು. ಬಂಗಾಳಕೊಲ್ಲಿಯಲ್ಲಿ ಮುಂಗಾರಿನ ತೆರೆಗಳೂ ಅದರ ಹಿಂದುಮುಂದಿನ ಚಂಡಮಾರುತಗಳೂ ಕೆಲಸಕ್ಕೆ ಬಿಡುವ ದಿನಗಳು ಎಣಿಕೆಯವು. ಈ ಶ್ರಮವೆಲ್ಲ ನಡೆಯುತ್ತಿದ್ದರೂ ನಕ್ಷೆಯಲ್ಲಿ ಕಾಣುವುದು ಕದಲದ ಒಂದು ಚುಕ್ಕೆ. ಸಾಲ ತಂದು ಷೇರು ಕೊಂಡವನಿಗೆ ಹನ್ನೆರಡು ತಿಂಗಳ ಬಡ್ಡಿ ಎಂದರೆ ಏನೆಂಬುದನ್ನು ನಾನು ವಿವರಿಸಬೇಕಾಗಿಲ್ಲ.

ಕಂಪೆನಿಯ ಬಾಯಿಂದಲೇ ಬಂದ ಮಾತೂ ತಿರುಗುವುದುಂಟು. 2010ರಲ್ಲಿ ಸ್ಕಾಟ್ಲೆಂಡಿನಿಂದ ಅಟ್ಲಾಂಟಿಕ್ ಸಾಗರದ ಉದ್ದಕ್ಕೂ ಎಳೆದುತಂದ ‘ಓಷನ್ ಗಾರ್ಡಿಯನ್’ ಎಂಬ ಕೊರೆಯುವ ಅಟ್ಟಣೆ ದಕ್ಷಿಣದ ಫಾಕ್‌ಲ್ಯಾಂಡ್ ದ್ವೀಪಗಳ ಬಳಿ ಕೆಲಸ ಮಾಡುತ್ತಿತ್ತು. ಬ್ರಿಟನ್ನಿನ ಸಣ್ಣ ಷೇರುದಾರರು ಅದರ ಒಂದೊಂದು ನಡೆಯನ್ನೂ ಹಿಂಬಾಲಿಸುತ್ತಿದ್ದರು. ಡಿಸೆಂಬರ್ ಆರಂಭದ ಒಂದು ಶುಕ್ರವಾರ, ಡಿಸೈರ್ ಪೆಟ್ರೋಲಿಯಂ ಎಂಬ ಕಂಪೆನಿ ತನ್ನ ಬಾವಿಯಲ್ಲಿ ಎಣ್ಣೆ ಸಿಕ್ಕಿತೆಂದು ಪ್ರಕಟಿಸಿತು. ಸೋಮವಾರ, ಮಾದರಿಗಳನ್ನು ಪರೀಕ್ಷಿಸಿದಾಗ ಅದು ನೀರೆಂದು ತಿಳಿಯಿತೆಂಬ ಪ್ರಕಟಣೆ ಬಂದಿತು. ಷೇರಿನ ಬೆಲೆ ಸುಮಾರು ಅರ್ಧಕ್ಕೆ ಕುಸಿಯಿತು. ಶುಕ್ರವಾರಕ್ಕೂ ಸೋಮವಾರಕ್ಕೂ ನಡುವೆ ಸಮುದ್ರದ ಮೇಲಿನ ದೃಶ್ಯದಲ್ಲಿ ಒಬ್ಬ ನೋಡುಗನಿಗೆ ಅರ್ಥವಾಗುವ ಬದಲಾವಣೆ ಏನೂ ಇರಲಿಲ್ಲ.

ಇನ್ನು, ಹೆಚ್ಚು ಸೂಕ್ಷ್ಮವಾದ ಒಂದು ಸಂಗತಿ. ನಮ್ಮ ಕರಾವಳಿಯ ಎಷ್ಟೋ ಮನೆಗಳ ಮಕ್ಕಳು ಹಡಗುಗಳಲ್ಲಿ, ಕಡಲ ಅಟ್ಟಣೆಗಳಲ್ಲಿ ಕೆಲಸದಲ್ಲಿದ್ದಾರೆ. ನಾನು ಬಲ್ಲ ನಿವೃತ್ತ ಮುಖ್ಯೋಪಾಧ್ಯಾಯರೊಬ್ಬರು ತಮ್ಮ ಭವಿಷ್ಯನಿಧಿಯ ಒಂದು ಭಾಗವನ್ನು ಅನಿಲ ಕಂಪೆನಿಯೊಂದರ ಷೇರಿನಲ್ಲಿ ಹಾಕಿದ್ದರು. ಅವರ ಸೋದರಳಿಯ, ಆ ಕ್ಷೇತ್ರಕ್ಕೇ ಸರಕು ಸಾಗಿಸುವ ಹಡಗಿನಲ್ಲಿ ಇಂಜಿನಿಯರು. ರಜೆಯಲ್ಲಿ ಮನೆಗೆ ಬಂದಾಗ ಇವರು ಕೇಳಿದರು: “ಏನಪ್ಪಾ, ಬಾವಿಯಲ್ಲಿ ಅನಿಲ ಸಿಕ್ಕಿತೋ?” ಅವನು ಹೇಳಿದನಂತೆ: “ಮಾವ, ಊಟ ತಿಂಡಿ ಅಲೆ ಗಾಳಿ ಎಲ್ಲದರ ಸುದ್ದಿಯನ್ನೂ ಕೇಳಿ, ಹೇಳುತ್ತೇನೆ. ಅದೊಂದನ್ನು ಮಾತ್ರ ಕೇಳಬೇಡಿ.” ಮೇಷ್ಟ್ರಿಗೆ ಒಂದು ಕ್ಷಣ ಮುಖಭಂಗವಾದಂತಾಯಿತು, ಮರುಕ್ಷಣವೇ ಹುಡುಗನ ಬಗೆಗೆ ಹೆಮ್ಮೆಯೆನಿಸಿತೆಂದು ಅವರೇ ನನ್ನೊಡನೆ ಹೇಳಿದರು.

ಹುಡುಗನ ಮಾತು ನೀತಿಯೂ ಹೌದು, ಕಾನೂನೂ ಹೌದು. ‘ಸೆಬಿ’ 2015ರಲ್ಲಿ ರೂಪಿಸಿದ ನಿಯಮಗಳ ಪ್ರಕಾರ, ಷೇರಿನ ಬೆಲೆಯನ್ನು ಕದಲಿಸಬಲ್ಲ ಅಪ್ರಕಟಿತ ಮಾಹಿತಿಯನ್ನು ಕೊಡುವುದೂ, ಕೇಳಿ ಪಡೆಯುವುದೂ, ಅದನ್ನು ಕೈಯಲ್ಲಿಟ್ಟುಕೊಂಡು ವ್ಯಾಪಾರ ಮಾಡುವುದೂ ತಪ್ಪು. ಎಲ್ಲರಿಗೂ ಸಮಾನವಾಗಿ ತೆರೆದಿರುವ ನಕ್ಷೆಯನ್ನು ನೋಡಿ ಊಹಿಸುವುದು ತಪ್ಪಲ್ಲ. ಬಂಧುವಿನ ಬಾಯಿ ಬಿಡಿಸುವುದು ಬೇರೆ. ಅಲ್ಲಿ ಪಣಕ್ಕೆ ಬೀಳುವುದು ಮಾವನ ಹಣವಲ್ಲ, ಅಳಿಯನ ಅನ್ನ.

ಹಾಗಾದರೆ ಹಡಗುಗಳನ್ನು ನೋಡಲೇಬಾರದೆ? ಧಾರಾಳವಾಗಿ ನೋಡಬಹುದು. ಕಂಪೆನಿ ಕೆಲಸ ಆರಂಭವಾಗಿದೆ ಎಂದು ಹೇಳಿದ ಮೇಲೂ ಕೊರೆಯುವ ಹಡಗು ಬೇರೆ ದೇಶದ ಬಂದರಿನಲ್ಲಿ ನಿಂತಿದ್ದರೆ, ಆ ಮಾತನ್ನು ಪ್ರಶ್ನಿಸುವ ಶಕ್ತಿ ಇಂದು ಸಾಮಾನ್ಯನಿಗೆ ಬಂದಿದೆ. ಷೇರುದಾರರ ಸಭೆಯಲ್ಲಿ ಎದ್ದುನಿಂತು ತಾರೀಕು ಹಿಡಿದು ಕೇಳಬಹುದು. ಈ ನಕ್ಷೆಯ ನಿಜವಾದ ಉಪಯೋಗ ಇದು ಎಂದು ನನ್ನ ಅಭಿಪ್ರಾಯ. ಹೇಳಿದ ಮಾತಿಗೂ ನಡೆಯುವ ಕೆಲಸಕ್ಕೂ ತಾಳೆಯಿದೆಯೆ ಎಂದು ನೋಡಲು ಅದು ಸಾಕು. ಲಾಭದ ಭವಿಷ್ಯ ನುಡಿಯಲು ಸಾಲದು. ಗಮ್ಯಸ್ಥಾನವೆಂದು ಕಾಣುವ ಊರಿನ ಹೆಸರನ್ನು ಹಡಗಿನವರು ಕೈಯಾರೆ ಬರೆಯುತ್ತಾರೆ, ಅದು ಹಳೆಯದಾಗಿಯೇ ಉಳಿದಿರಬಹುದು ಎಂಬುದನ್ನೂ ನೆನಪಿಡಬೇಕು.

ಡಿ-6ರ ಕಥೆ 2020ಕ್ಕೆ ಮುಗಿಯಲಿಲ್ಲ ಎಂಬುದನ್ನು ಹೇಳದಿದ್ದರೆ ಅನ್ಯಾಯವಾದೀತು. ಅದೇ ವರ್ಷದ ಡಿಸೆಂಬರಿನಲ್ಲಿ, 2021ರ ಏಪ್ರಿಲಿನಲ್ಲಿ, 2023ರ ಜೂನಿನಲ್ಲಿ, ಹೀಗೆ ಮೂರು ಹೊಸ ಕ್ಷೇತ್ರಗಳು ಅಲ್ಲಿಯೇ ಉತ್ಪಾದನೆ ಆರಂಭಿಸಿದವು; ದಿನದ ಇಳುವರಿ ಮತ್ತೆ 3 ಕೋಟಿ ಘನ ಮೀಟರಿನ ಸಮೀಪಕ್ಕೆ ಏರಿತು. 2002ರಲ್ಲಿ ಮೊದಲ ಸುದ್ದಿ ಕೇಳಿದವನು ಇದನ್ನು ನೋಡಲು ಎರಡು ದಶಕ ಕಾಯಬೇಕಾಯಿತು. ಕಡಲಿನಾಳದ ಕೆಲಸಕ್ಕೆ ಕಾಲದ ಅಳತೆ ಅಂಥದು. ಮಗಳ ಮದುವೆಗೆ, ಮಗನ ಓದಿಗೆ, ವೃದ್ಧಾಪ್ಯದ ಔಷಧಿಗೆ ಎಂದು ತೆಗೆದಿಟ್ಟ ಹಣಕ್ಕೆ ಅಷ್ಟು ಕಾಯುವ ತಾಳ್ಮೆಯಿಲ್ಲ. ಅದನ್ನು ದಡದಲ್ಲೇ ಭದ್ರವಾಗಿಟ್ಟು, ಹೋದರೂ ಮನೆ ನಡೆಯುತ್ತದೆ ಎನ್ನುವಷ್ಟನ್ನು ಮಾತ್ರ ಕಡಲಿಗೆ ಕಳುಹಿಸಿದವನು ಸಂಜೆ ನಕ್ಷೆಯನ್ನು ತೆರೆದು ಹಡಗುಗಳನ್ನು ನಿಶ್ಚಿಂತೆಯಿಂದ ನೋಡಬಹುದು.

(ಬಾನುಲಿ ಭಾಷಣ)