ಹಸಿ ಕೋಸಿನ ಪಚಡಿ



ಕಳೆದ ಬೇಸಗೆಯಲ್ಲಿ ಹಿರಿಯೂರಿನ ಬಂಧುಗಳ ಮನೆಯ ನಾಮಕರಣಕ್ಕೆ ನಾವು ಹೋಗಿದ್ದೆವು. ದೊಡ್ಡವರ ಎಲೆಗೆ ಎಂದಿನಂತೆ ಹೆಸರುಬೇಳೆಯ ಕೋಸಂಬರಿ ಬಂದಿತು. ಮಕ್ಕಳ ಪಂಕ್ತಿಗೆ ಮಾತ್ರ ಪೇಟೆಯಿಂದ ತರಿಸಿದ ಕೋಲ್‌ಸ್ಲಾ ಎಂಬ ಬಿಳಿಯ ಪದಾರ್ಥ. ಬೆಳಗ್ಗೆ ಎಂಟಕ್ಕೆ ಬಂದ ಡಬ್ಬಿಯು ಮಧ್ಯಾಹ್ನ ಎರಡರವರೆಗೆ ಆ ಬಿಸಿಲಿನಲ್ಲಿ ಪಡಸಾಲೆಯಲ್ಲಿಯೇ ಇದ್ದಿತು. ರಾತ್ರಿ ಇಬ್ಬರು ಮಕ್ಕಳಿಗೆ ವಾಂತಿಯಾಯಿತು. ತಪ್ಪು ಆ ಡಬ್ಬಿಯದೇ ಎಂದು ಆಣೆಯಿಟ್ಟು ಹೇಳಲಾರೆವು. ಆದರೂ ವಿಚಾರಿಸಬೇಕೆನಿಸಿತು.

ಕೋಲ್‌ಸ್ಲಾ ಎಂಬುದು ಡಚ್ಚರ ಮಾತು. ಎಲೆಕೋಸಿನ ಹಸಿ ಪಲ್ಯವೆಂದೇ ಅದರ ಅರ್ಥ. ಕೋಸಿನಲ್ಲಿ ದೋಷವೇನೂ ಇಲ್ಲ. 100 ಗ್ರಾಂ ಹಸಿ ಕೋಸಿನಲ್ಲಿ ಸುಮಾರು 35 ಮಿಲಿಗ್ರಾಂ 'ಸಿ' ಜೀವಸತ್ವವಿರುವುದು. ಬೇಯಿಸಿ ನೀರು ಬಸಿದರೆ ಅದರಲ್ಲಿ ಒಂದು ಪಾಲು ನಷ್ಟ. ತೊಡಕಿರುವುದು ಮೇಲೆ ಬಳಿದ ಮೇಯನೇಸಿನಲ್ಲಿ. ಅದು ಮುಖ್ಯವಾಗಿ ಎಣ್ಣೆ. ಒಂದು ದೊಡ್ಡ ಚಮಚದಲ್ಲಿ ಸುಮಾರು 10 ಗ್ರಾಂ ಕೊಬ್ಬು. ಹಸಿ ಮೊಟ್ಟೆಯಿಂದ ಕಡೆದುದಾದರೆ ಸಾಲ್ಮೊನೆಲ್ಲ ಎಂಬ ರೋಗಾಣುವಿನ ಭಯವೂ ಸೇರುವುದು. ಇದಕ್ಕಾಗಿಯೇ ತೆಲಂಗಾಣ ಸರ್ಕಾರವು 2024ರಲ್ಲಿ, ತಮಿಳುನಾಡು ಸರ್ಕಾರವು 2025ರಲ್ಲಿ ಹಸಿ ಮೊಟ್ಟೆಯ ಮೇಯನೇಸನ್ನು ಒಂದೊಂದು ವರ್ಷದ ಮಟ್ಟಿಗೆ ನಿಷೇಧಿಸಿದುವು. ಮೊಟ್ಟೆಯಿಲ್ಲದ್ದೂ ದೊರೆಯುವುದು, ನಿಜ. ಎಣ್ಣೆ ಎಲ್ಲಿಗೆ ಹೋದೀತು?

ಚಿತ್ರದುರ್ಗದ ಸೀಮೆಗೆ ಈ ಎಣ್ಣೆಯ ಹಂಗು ಬೇಕಿಲ್ಲ. ಹೊಲದಲ್ಲಿ ಶೇಂಗಾ ಇದೆ, ಹೊಸದುರ್ಗ ಹೊಳಲ್ಕೆರೆಗಳ ತೋಟಗಳಲ್ಲಿ ತೆಂಗಿದೆ, ಮನೆಯಲ್ಲಿ ಮೊಸರಿದೆ. ನಾವು ಮಾಡಿ ನೋಡಿದ ಕ್ರಮವನ್ನು ಹೇಳುತ್ತೇವೆ.

ಅರ್ಧ ಸೇರಿನಷ್ಟು ಗಟ್ಟಿ ಮೊಸರನ್ನು ತೆಳುಬಟ್ಟೆಯಲ್ಲಿ ಕಟ್ಟಿ ಅರ್ಧ ಗಂಟೆ ತೂಗುಹಾಕಿರಿ. ಕೆಳಗಿಳಿದ ತಿಳಿಯನ್ನು ಚೆಲ್ಲಬೇಡಿ, ಸಾರಿಗಾಗುವುದು. ಹುರಿದು ಸಿಪ್ಪೆ ತೆಗೆದ ಶೇಂಗಾ ಎರಡು ಚಮಚದಷ್ಟನ್ನು ತರಿತರಿಯಾಗಿ ಕುಟ್ಟಿ, ಅರ್ಧ ಚಮಚ ಸಾಸಿವೆಯ ಪುಡಿಯೊಡನೆ ಮೊಸರಿಗೆ ಕಲಸಿರಿ. ಬೂಷ್ಟು ಹಿಡಿದ ಅಥವಾ ಕಹಿಯಾದ ಶೇಂಗಾ ಬೀಜವನ್ನು ಮುಲಾಜಿಲ್ಲದೆ ಎಸೆಯತಕ್ಕದ್ದು. ಅಂತಹುದರಲ್ಲಿ ಹುರಿದರೂ ಪೂರ್ತಿ ಹೋಗದ ವಿಷವಿರಬಹುದು. ಮೇಯನೇಸಿನ ನುಣುಪನ್ನೂ ಕಾರವನ್ನೂ ಈ ಕಲಸುವಿಕೆಯೇ ಕೊಡುವುದು.

ಕೋಸಿನ ಹೊರಗಿನ ಎರಡು ಮೂರು ಎಲೆಗಳನ್ನು ತೆಗೆದು, ಉಳಿದುವನ್ನು ಬಿಡಿಸಿ ಒಂದೊಂದನ್ನೂ ಹರಿಯುವ ನೀರಿನಲ್ಲಿ ತೊಳೆಯಬೇಕು. ಇಡೀ ಗಡ್ಡೆಯನ್ನು ಮೇಲೆ ಮೇಲೆ ತೊಳೆದರೆ ಹುಳವೂ ಮಣ್ಣೂ ಮಡಿಕೆಗಳೊಳಗೇ ಉಳಿಯುವುವು. ಬಟ್ಟೆಯಿಂದ ಒರೆಸಿ ಕೂದಲೆಳೆಯಂತೆ ಹೆಚ್ಚಿ, ಒಂದು ಕ್ಯಾರೆಟ್ಟಿನ ತುರಿ, ಒಂದು ಹಿಡಿ ಕಾಯಿತುರಿ, ಕೊತ್ತಂಬರಿ ಸೊಪ್ಪು ಸೇರಿಸಿರಿ.

ಉಪ್ಪಿನ ಮಾತು ಪ್ರತ್ಯೇಕ. ಅದು ತರಕಾರಿಯ ಒಳಗಿನ ನೀರನ್ನು ಹೊರಕ್ಕೆಳೆಯುವುದು. ಕಾಲುಗಂಟೆಯಲ್ಲಿ ಪಾತ್ರೆಯ ತಳದಲ್ಲಿ ಕೆರೆಯೇ ನಿಲ್ಲುವುದು. ಕೆಲವರು ಉಪ್ಪು ಹಚ್ಚಿ ಹಿಂಡಿ ಆ ನೀರನ್ನು ಚೆಲ್ಲುತ್ತಾರೆ. ಅದರೊಡನೆ ನೀರಿನಲ್ಲಿ ಕರಗುವ ಜೀವಸತ್ವವೂ ಹೋಗುವುದಾದ್ದರಿಂದ ನಮಗೆ ಆ ಪದ್ಧತಿ ರುಚಿಸದು. ನಮ್ಮ ಅಜ್ಜಿಯಂದಿರು ಕೋಸಂಬರಿಗೆ ಎಲೆ ಹಾಕಿದ ಮೇಲೆಯೇ ಉಪ್ಪು ಬೆರೆಸುತ್ತಿದ್ದುದು ಇದಕ್ಕೇ. ಇಲ್ಲಿಯೂ ಹಾಗೆಯೇ: ಕೋಸು ಬೇರೆ, ಮೊಸರು ಬೇರೆ ತಣ್ಣಗಿರಲಿ, ಬಡಿಸುವ ಗಳಿಗೆಯಲ್ಲಿ ಎರಡನ್ನೂ ಕೂಡಿಸಿ, ಉಪ್ಪು ಹಾಕಿ, ಅರ್ಧ ನಿಂಬೆಹಣ್ಣು ಹಿಂಡಿರಿ. ಸಕ್ಕರೆ ಬೇಡ, ಕ್ಯಾರೆಟ್ಟಿನ ಸಿಹಿಯೇ ಸಾಕು.

ಮೊಸರೆಂದ ಮಾತ್ರಕ್ಕೆ ಇದು ಹಳಸದೆಂದು ತಿಳಿಯಬಾರದು. ಬಿಸಿಲಿನ ದಿನಗಳಲ್ಲಿ ಕಲಸಿ ಒಂದು ಗಂಟೆಯ ಮೇಲೆ ಹೊರಗಿಡಲಾಗದು. ಬುತ್ತಿಗೆ ಕಟ್ಟುವುದಾದರೆ ಮೊಸರನ್ನು ಬಿಟ್ಟು ನಿಂಬೆರಸ, ಶೇಂಗಾಪುಡಿಗಳಲ್ಲಿಯೇ ಮುಗಿಸಿರಿ. ಕಲಸದೆ ಉಳಿದ ಕೋಸನ್ನು ಮರುಬೆಳಗ್ಗೆ ರಾಗಿಹಿಟ್ಟಿಗೆ ಸೇರಿಸಿ, ಈರುಳ್ಳಿ ಹಸಿಮೆಣಸಿನಕಾಯಿ ಹೆಚ್ಚಿಹಾಕಿ ರೊಟ್ಟಿ ತಟ್ಟಬಹುದು. ಹಿರಿಯೂರಿನ ಆ ಮಕ್ಕಳು ಈಗ ಪಚಡಿಗಿಂತ ಆ ರೊಟ್ಟಿಯನ್ನೇ ಹೆಚ್ಚು ಕೇಳುತ್ತಾರಂತೆ.