ಖೋಲಿಯ ಬಾಡಿಗೆಯೂ ದಾರಿಯ ಗಂಟೆಗಳೂ

(ನಮ್ಮ ಉಚಿತ ವಾಚನಾಲಯದ ತಿಂಗಳ ಕೂಟದಲ್ಲಿ ವಾಚನಾಲಯದ ಸ್ವಯಂಸೇವಕರೊಬ್ಬರು ಮಾಡಿದ ಭಾಷಣ)



ನಾನು ಭಾಷಣಕಾರನಲ್ಲ. ಗಿರಣಿಯೊಂದರ ಕಚೇರಿಯಲ್ಲಿ ಹಾಜರಿ ಪುಸ್ತಕ, ಸಂಬಳದ ಪಟ್ಟಿ ಬರೆಯುವ ಗುಮಾಸ್ತ. ಗಿರಣಿಯ ಯಂತ್ರಗಳು ಮುಂಬಯಿ ಬಿಟ್ಟು ಹೋಗಿ ಬಹಳ ಕಾಲವಾಯಿತು. ಲೆಕ್ಕದ ಕಚೇರಿ ಮಾತ್ರ ಲೋವರ್ ಪರೇಲಿನಲ್ಲಿ ಉಳಿದಿದೆ. ನಾನು ಓದಿದ್ದು ಮೆಟ್ರಿಕ್‌ವರೆಗೆ. ರವಿವಾರ ಸಂಜೆ ಇಲ್ಲಿ ಪತ್ರಿಕೆಗಳನ್ನು ಜೋಡಿಸಿಡುವುದು, ಪುಸ್ತಕ ಕೊಟ್ಟು ಬರೆದುಕೊಳ್ಳುವುದು ನನ್ನ ಪಾಲಿನ ಸೇವೆ. ಆ ಮೇಜಿನ ಹತ್ತಿರ ಕುಳಿತಾಗ ನನ್ನನ್ನು ಪುಸ್ತಕ ಕೇಳುವವರಿಗಿಂತ ಖೋಲಿ ಕೇಳುವವರೇ ಹೆಚ್ಚು. “ಅಣ್ಣಾ, ಊರಿಂದ ಬಂದು ಎಂಟು ದಿನವಾಯಿತು. ಇಲ್ಲೇ ಹತ್ತಿರ ಇರಲೋ, ದೂರ ಹೋಗಲೋ?” ಎಂದು ಕೇಳುತ್ತಾರೆ. ಕಾರ್ಯದರ್ಶಿಗಳು ಇದನ್ನು ನೋಡಿ, “ಒಬ್ಬೊಬ್ಬರಿಗೇ ಹೇಳುವುದನ್ನು ಒಂದು ದಿನ ಎಲ್ಲರೆದುರು ಹೇಳಿಬಿಡಿ” ಎಂದರು. ಆದುದರಿಂದ ತಮ್ಮ ಮುಂದೆ ನಿಂತಿದ್ದೇನೆ. ನಾನು ಒಮ್ಮೆ ಕೊಟ್ಟ ತಪ್ಪು ಸಲಹೆಯನ್ನು ಒಪ್ಪಿಕೊಳ್ಳುವುದೂ ಈ ಮಾತಿನ ಒಂದು ಉದ್ದೇಶ.

ಮೊದಲು ನಾವು ಬಂದಿರುವ ಊರು ಎಂಥದೆಂದು ನೋಡೋಣ. ಬಿಜಾಪುರದ ಬಯಲಿನಿಂದ ಬಂದವರಿಗೂ ಕುಂದಾಪುರದ ತೋಟದಿಂದ ಬಂದವರಿಗೂ ಇದು ದೊಡ್ಡ ಶಹರ ಎಂಬುದಷ್ಟೇ ಕಾಣುತ್ತದೆ. ಇದು ದ್ವೀಪ ಎಂಬುದು ನಮ್ಮ ನೆನಪಿನಲ್ಲಿ ಇರುವುದಿಲ್ಲ. ಉಷ್ಣವಲಯದ ಕಡಲಲ್ಲಿ, ಸುಮಾರು ೧೯ ಡಿಗ್ರಿ ಉತ್ತರ ಅಕ್ಷಾಂಶದಲ್ಲಿ ಇರುವ ದ್ವೀಪ ಇದು. ಕೊಲಾಬಾ, ಮಜಗಾಂವ್, ಪರೇಲ್, ವರಳಿ, ಮಾಹಿಮ್ ಮೊದಲಾದ ಏಳು ನಡುಗಡ್ಡೆಗಳ ನಡುವಿನ ನೀರನ್ನು ತುಂಬಿ ತುಂಬಿ ಹಳೆಯ ಮುಂಬಯಿ ಆಯಿತು. ೧೮೦೩ರ ಶೀವ್ ಕಟ್ಟೆಯೂ ೧೮೪೫ರ ಮಾಹಿಮ್ ಕಟ್ಟೆಯೂ ಅದನ್ನು ಉತ್ತರದ ಸಾಷ್ಟಿ ದ್ವೀಪಕ್ಕೆ ಕೂಡಿಸಿದವು. ೧೮೫೩ರ ಏಪ್ರಿಲ್ ೧೬ರಂದು ಬೋರಿಬಂದರಿನಿಂದ ಹೊರಟ ಮೊದಲ ರೈಲುಗಾಡಿ ೩೪ ಕಿಲೋಮೀಟರು ಓಡಿ ಠಾಣೆಯಲ್ಲಿ ನಿಂತಿತು. ಠಾಣೆಯ ಆಚೆ ಖಾಡಿ. ಖಾಡಿ ದಾಟಿ ಕಲ್ಯಾಣಕ್ಕೆ ಗಾಡಿ ಹೋದದ್ದು ಮರುವರ್ಷ, ೧೮೫೪ರಲ್ಲಿ.

ಈ ಹಳೆಯ ಸಂಗತಿಗೂ ನಮ್ಮ ಖೋಲಿಗೂ ಏನು ಸಂಬಂಧ ಎಂದು ತಾವು ಕೇಳಬಹುದು. ಬಯಲುಸೀಮೆಯ ಪಟ್ಟಣ ನಾಲ್ಕೂ ದಿಕ್ಕಿಗೆ ಹರಡಿಕೊಳ್ಳುತ್ತದೆ. ಈ ಊರಿಗೆ ಮೂರು ಕಡೆ ನೀರು. ಕೋಟೆ, ಬಂದರು, ಕಚೇರಿ ಎಲ್ಲವೂ ಮೊದಲು ದಕ್ಷಿಣದ ತುದಿಯಲ್ಲಿ ಬೆಳೆದವು. ಜನ ಉತ್ತರಕ್ಕೇ ಸರಿಯಬೇಕಾಯಿತು. ಹೀಗಾಗಿ ಬೆಳಗ್ಗೆ ಎಲ್ಲರೂ ಒಂದೇ ಕಡೆಗೆ, ಸಂಜೆ ಎಲ್ಲರೂ ಇನ್ನೊಂದೇ ಕಡೆಗೆ. ನೆಲ ಕಡಿಮೆಯಾದ್ದರಿಂದ ಬಾಡಿಗೆ ಹೆಚ್ಚು. ಬಾಡಿಗೆ ಕಡಿಮೆಯಾಗಬೇಕಾದರೆ ಖಾಡಿ ದಾಟಬೇಕು. ಡೊಂಬಿವಲಿಯವರು ಠಾಣೆ-ಕಳವಾ ನಡುವೆ ಖಾಡಿ ದಾಟುತ್ತಾರೆ, ವಸಯಿ-ವಿರಾರಿನವರು ಭಾಯಂದರ್ ಮುಗಿದ ಮೇಲೆ ದಾಟುತ್ತಾರೆ. ಬಾಡಿಗೆಯಲ್ಲಿ ಉಳಿದ ಹಣವನ್ನು ಈ ದಾರಿ ಗಂಟೆಗಳ ರೂಪದಲ್ಲಿ ವಸೂಲು ಮಾಡಿಕೊಳ್ಳುತ್ತದೆ.

ಹಿಂದಿನ ಗಿರಣಿ ಕಾರ್ಮಿಕರಿಗೆ ಈ ಲೆಕ್ಕ ಬೇಕಿರಲಿಲ್ಲ. ಗಿರಣಿಯ ಭೋಂಗಾ ಕೇಳಿಸುವಷ್ಟು ದೂರದಲ್ಲಿ ಅವರ ಚಾಳು. ವರಳಿ, ನಾಯಗಾಂವ್ ಕಡೆ ೧೯೨೦ರ ದಶಕದಲ್ಲಿ ಕಟ್ಟಿದ ಬಿ.ಡಿ.ಡಿ. ಚಾಳುಗಳ ಖೋಲಿ ೧೬೦ ಚದರ ಅಡಿ. ಇಕ್ಕಟ್ಟು ನಿಜ, ಆದರೆ ಕೆಲಸಕ್ಕೆ ನಡೆದೇ ಹೋಗುತ್ತಿದ್ದರು. ೧೯೮೨ರ ಜನವರಿ ೧೮ರಂದು ಆರಂಭವಾದ ದೊಡ್ಡ ಮುಷ್ಕರದ ನಂತರ ಗಿರಣಿಗಳು ಒಂದೊಂದಾಗಿ ಮುಚ್ಚಿದವು. ಆ ನೆಲದ ಮೇಲೆ ಎತ್ತರದ ಕಟ್ಟಡಗಳೆದ್ದವು. ನಮ್ಮಂಥವರು ಅಲ್ಲಿ ಕೆಲಸ ಮಾಡಬಹುದು, ಮನೆ ಮಾಡುವುದು ಕಷ್ಟ.

ಇನ್ನು ನನ್ನ ತಪ್ಪಿನ ಸಂಗತಿ.

ಕುಂದಾಪುರದ ಕಡೆಯ ಒಬ್ಬ ಹುಡುಗ ಇಲ್ಲಿಗೆ ಬರುತ್ತಿದ್ದ. ಹೆಸರು ಬೇಡ. ಮುಂಬಯಿ ಸೆಂಟ್ರಲ್ ಕಡೆಯ ಒಂದು ಹೋಟೆಲಿನಲ್ಲಿ ಬೆಳಗಿನ ಪಾಳಿ. ಸಂಜೆ ರಾತ್ರಿಶಾಲೆಯಲ್ಲಿ ಹತ್ತನೆಯ ತರಗತಿ. ಹೋಟೆಲಿನ ಹತ್ತಿರ ಎಂಟು ಮಂದಿಯ ಖೋಲಿಯಲ್ಲಿ ತಲೆಗೆ ೩,೫೦೦ ರೂಪಾಯಿ ಕೊಟ್ಟು ಮಲಗುತ್ತಿದ್ದ. “ಅಣ್ಣಾ, ಗದ್ದಲದಲ್ಲಿ ಓದಲಾಗುವುದಿಲ್ಲ” ಎಂದ. ನಾಲಾಸೋಪಾರಾದಲ್ಲಿ ಮೂವರ ಖೋಲಿ, ತಲೆಗೆ ೨,೦೦೦ ಎಂದು ನನಗೆ ಗೊತ್ತಿತ್ತು. ಗುಮಾಸ್ತನ ಬುದ್ಧಿ ನೋಡಿ, ಕಾಗದದ ಮೇಲೆ ೩,೫೦೦ರಲ್ಲಿ ೨,೦೦೦ ಕಳೆದು ತೋರಿಸಿದೆ. “ತಿಂಗಳಿಗೆ ೧,೫೦೦ ಉಳಿತಾಯ, ಮೇಲೆ ಶಾಂತಿ, ಹೋಗು” ಎಂದೆ. ಅವನು ನನ್ನ ಮಾತು ನಂಬಿ ಹೋದ.

ಹೋಟೆಲಿನ ಬಾಗಿಲು ಬೆಳಿಗ್ಗೆ ಆರಕ್ಕೆ ತೆರೆಯುತ್ತದೆ. ಅವನು ಅದಕ್ಕೂ ಮೊದಲೇ ಅಲ್ಲಿರಬೇಕು. ರಾತ್ರಿಶಾಲೆ ಬಿಡುವುದು ಒಂಬತ್ತೂವರೆಗೆ. ಖೋಲಿ ಮುಟ್ಟಿ ಉಂಡು ಮಲಗುವಾಗ ಹನ್ನೊಂದೂ ಮುಕ್ಕಾಲು. ಮತ್ತೆ ಮೂರೂವರೆಗೆ ಏಳಬೇಕು. ಓದಲು ಶಾಂತವಾದ ಜಾಗ ದೊರೆಯಿತು, ಓದಲು ಹೊತ್ತೇ ಇರಲಿಲ್ಲ. ದಸರೆಯ ಹೊತ್ತಿಗೆ ಅವಧಿ ಮುಗಿಯುವ ಮೊದಲೇ ನಮ್ಮ ವ್ಯಾಕರಣ ಪುಸ್ತಕವನ್ನು ಮರಳಿಸಲು ಬಂದ. “ಇಷ್ಟು ಬೇಗ ಯಾಕಪ್ಪಾ?” ಎಂದೆ. “ಶಾಲೆ ಬಿಟ್ಟೆ ಅಣ್ಣಾ. ಎರಡರಲ್ಲಿ ಒಂದನ್ನು ಬಿಡಬೇಕಿತ್ತು. ಕೆಲಸ ಬಿಡಲಿಕ್ಕಾಗುವುದಿಲ್ಲವಲ್ಲ” ಎಂದ. ಸ್ವಲ್ಪ ತಡೆದು, “ಲೆಕ್ಕ ನೀವು ಬರೆದಿರಿ, ನಿದ್ದೆ ನಾನು ಕೊಟ್ಟೆ” ಎಂದು ನಕ್ಕ. ಆ ನಗೆ ನನಗೆ ಇಂದಿಗೂ ಚುಚ್ಚುತ್ತದೆ.

ಆ ರಾತ್ರಿ ಕುಳಿತು ಲೆಕ್ಕವನ್ನು ಸರಿಯಾಗಿ ಮಾಡಿದೆ. ಉಳಿತಾಯ ೧,೫೦೦. ಗಾಡಿಯ ಪಾಸು ಐನೂರರೊಳಗೇ, ಐನೂರೆಂದೇ ಹಿಡಿದೆ. ನಿಂತದ್ದು ೧,೦೦೦ ರೂಪಾಯಿ. ದಿನಕ್ಕೆ ಹೆಚ್ಚಿಗೆ ಹೋದ ಹೊತ್ತು ಮೂರು ಗಂಟೆ. ೨೬ ದಿನಕ್ಕೆ ೭೮ ಗಂಟೆ. ಸಾವಿರವನ್ನು ೭೮ರಿಂದ ಭಾಗಿಸಿದರೆ ಗಂಟೆಗೆ ೧೩ ರೂಪಾಯಿಯೂ ಬೀಳುವುದಿಲ್ಲ. ನನ್ನ ಮಾತು ಕೇಳಿ ಆ ಹುಡುಗ ತನ್ನ ಓದಿನ ಗಂಟೆಯನ್ನು ೧೩ ರೂಪಾಯಿಗೆ ಮಾರಿದ್ದ.

ಆಮೇಲೆ ನನ್ನ ಸಂಸಾರದ ಲೆಕ್ಕವನ್ನೂ ಹಾಗೆಯೇ ಹಾಕಿದೆ. ನಾನಿರುವುದು ಡೊಂಬಿವಲಿಯಲ್ಲಿ. ಪರೇಲಿನಲ್ಲಿ ನನಗೆ ಹೇಳಿದ ಬಾಡಿಗೆ ೨೨,೦೦೦. ಡೊಂಬಿವಲಿಯಲ್ಲಿ ಸಿಕ್ಕಿದ್ದು ೮,೫೦೦. ಉಳಿತಾಯ ೧೩,೫೦೦. ಪಾಸಿಗೆ ೫೦೦, ಸ್ಟೇಶನ್ನಿಗೆ ಶೇರ್ ರಿಕ್ಷಾದಲ್ಲಿ ಹೋಗಿಬರಲು ದಿನಕ್ಕೆ ೩೦ರಂತೆ ೭೮೦. ಕಳೆದರೆ ೧೨,೨೨೦. ನನಗೂ ಹೆಚ್ಚಿಗೆ ಹೋಗುವುದು ಅದೇ ೭೮ ಗಂಟೆ. ಗಂಟೆಗೆ ೧೫೬ ರೂಪಾಯಿ ಉಳಿಯಿತು. ನನ್ನ ಸಂಬಳ ೨೮,೦೦೦. ಎಂಟು ಗಂಟೆಯಂತೆ ೨೬ ದಿನಕ್ಕೆ ಭಾಗಿಸಿದರೆ ಗಂಟೆಗೆ ೧೩೪. ಕಚೇರಿಯಲ್ಲಿ ಕುಳಿತು ದುಡಿಯುವುದಕ್ಕಿಂತ ಗಾಡಿಯಲ್ಲಿ ನಿಂತು ಉಳಿಸುವುದೇ ಹೆಚ್ಚಾಯಿತೆಂದು ಹಿಗ್ಗಿದೆ.

ಮನೆಯಾಕೆಗೆ ಕಾಗದ ತೋರಿಸಿದೆ. ಆಕೆ ನೋಡಿ, “ನಿಮ್ಮ ಡಬ್ಬಿಗೆಂದು ನಾನು ಒಂದು ಗಂಟೆ ಮೊದಲು ಎದ್ದು ಒಲೆ ಹಚ್ಚುತ್ತೇನಲ್ಲ, ಅದು ಎಲ್ಲಿದೆ?” ಎಂದಳು. ಎಲ್ಲಿಯೂ ಇರಲಿಲ್ಲ. ೭೮ಕ್ಕೆ ೨೬ ಸೇರಿಸಿದೆ, ೧೦೪ ಆಯಿತು. ಗಂಟೆಗೆ ೧೫೬ ಇದ್ದದ್ದು ೧೧೭ಕ್ಕೆ ಇಳಿಯಿತು. ನನ್ನ ಲಾಭ ಅಲ್ಲಿಗೆ ಕರಗಿತು. ಆದರೂ ೨೮,೦೦೦ದಲ್ಲಿ ೨೨,೦೦೦ ಬಾಡಿಗೆ ಕೊಟ್ಟು ಸಂಸಾರ ನಡೆಯದು, ದೂರ ಇರಲೇಬೇಕು.

ಮಿತ್ರರೇ, ಇವೆರಡು ಲೆಕ್ಕಗಳಲ್ಲಿ ದಾರಿಯ ಹೊತ್ತು ಒಂದೇ, ತೀರ್ಪು ಬೇರೆ. ಸಂಸಾರವಂದಿಗನಿಗೆ ದೂರದ ಮನೆ ಅನಿವಾರ್ಯವಾಗಬಹುದು. ತಲೆಗಿಷ್ಟೆಂದು ಬಾಡಿಗೆ ಕೊಡುವ ಒಂಟಿ ಹುಡುಗನಿಗೆ, ಅದರಲ್ಲಿಯೂ ಓದುವ ಹುಡುಗನಿಗೆ, ದೂರ ಹೋಗುವುದು ಬಹುಮಟ್ಟಿಗೆ ನಷ್ಟ. ಆದುದರಿಂದ “ಎಲ್ಲಿ ಅಗ್ಗ?” ಎಂದು ಕೇಳುವ ಮೊದಲು “ನನ್ನ ಪಾಳಿ ಎಷ್ಟಕ್ಕೆ? ನನ್ನ ಮನೆಯಲ್ಲಿ ಯಾರ ಯಾರ ಗಂಟೆ ಹೋಗುತ್ತದೆ?” ಎಂದು ಕೇಳಿಕೊಳ್ಳಬೇಕು.

ದೂರ ಇರಲೇಬೇಕಾದವರಿಗೆ ನಾನು ಕಂಡುಕೊಂಡ ಕೆಲವು ಮಾತುಗಳನ್ನು ಅರಿಕೆ ಮಾಡುತ್ತೇನೆ.

ಒಂದು. ಮುಂಬಯಿಗೆ ಹತ್ತಿರವಾದ ಊರಿಗಿಂತ ಸ್ಟೇಶನ್ನಿಗೆ ಹತ್ತಿರವಾದ ಮನೆ ಮೇಲು. ನಾವು ಕಳೆದ ವರ್ಷ ಸ್ಟೇಶನ್ನಿಗೆ ನಡೆದು ಹೋಗುವಷ್ಟು ಹತ್ತಿರ ಮನೆ ಬದಲಿಸಿದೆವು. ಬಾಡಿಗೆ ೧,೨೦೦ ಹೆಚ್ಚಿತು. ರಿಕ್ಷಾದ ೭೮೦ ಉಳಿಯಿತು. ಕೈಯಿಂದ ಹೋದದ್ದು ೪೨೦. ರಿಕ್ಷಾದ ಸಾಲಿನಲ್ಲಿ ನಿಲ್ಲುವುದು ತಪ್ಪಿ ದಿನಕ್ಕೆ ನಲವತ್ತು ನಿಮಿಷ, ತಿಂಗಳಿಗೆ ೧೭ ಗಂಟೆ ಸಿಕ್ಕಿತು. ಗಂಟೆಗೆ ೨೫ ರೂಪಾಯಿಯಂತೆ ಇಷ್ಟು ಅಗ್ಗದ ವಸ್ತುವನ್ನು ನಾನು ಈ ಊರಿನಲ್ಲಿ ಬೇರೆ ಕೊಂಡಿಲ್ಲ. ಮನೆಯಾಕೆ ಈಗ ಅರ್ಧ ಗಂಟೆ ತಡವಾಗಿ ಏಳುತ್ತಾಳೆ.

ಎರಡು. ಮುಂಗಡ ಕೊಡುವ ಮೊದಲು ಕೆಲಸದ ದಿನವೊಂದರಲ್ಲಿ, ನಿಮ್ಮ ಪಾಳಿಯ ಹೊತ್ತಿಗೇ, ಆ ದಾರಿಯನ್ನು ಒಮ್ಮೆ ಹೋಗಿಬನ್ನಿ. ರವಿವಾರ ಮನೆ ನೋಡಿದವರಿಗೆ ಸೋಮವಾರದ ಗಾಡಿ ತಿಳಿಯುವುದಿಲ್ಲ. ದಾದರಿನಲ್ಲೋ ಕುರ್ಲಾದಲ್ಲೋ ಗಾಡಿ ಬದಲಿಸಬೇಕಾದರೆ ಆ ಹೊತ್ತನ್ನೂ ಬರೆದುಕೊಳ್ಳಿ. ರಾತ್ರಿಪಾಳಿಯವರು ಕೊನೆಯ ಗಾಡಿಯನ್ನು, ಮುಂಜಾನೆಯ ಪಾಳಿಯವರು ಮೊದಲ ಗಾಡಿಯನ್ನು ವಿಚಾರಿಸದೆ ಖೋಲಿ ಹಿಡಿಯಬಾರದು.

ಮೂರು. ಬಾಡಿಗೆ ಎಂದರೆ ಬಾಡಿಗೆಯೊಂದೇ ಅಲ್ಲ. ಕರಾರು ಸಾಮಾನ್ಯವಾಗಿ ಹನ್ನೊಂದು ತಿಂಗಳದ್ದು. ದಲಾಲಿ ಹೆಚ್ಚಾಗಿ ಒಂದು ತಿಂಗಳ ಬಾಡಿಗೆ. ೮,೫೦೦ ದಲಾಲಿಯನ್ನು ಹನ್ನೊಂದಕ್ಕೆ ಹಂಚಿದರೆ ತಿಂಗಳಿಗೆ ೭೭೦ರ ಮೇಲೆ ಬೀಳುತ್ತದೆ. ಡಿಪಾಜಿಟ್ಟಿಗೆ ಸಾಲ ಮಾಡಿದರೆ ಅದರ ಬಡ್ಡಿಯನ್ನೂ ಕೂಡಿಸಿ. ಕರಾರು ಬರಹದಲ್ಲಿದ್ದು ನೋಂದಣಿಯಾಗಬೇಕೆಂದು ೧೯೯೯ರ ಮಹಾರಾಷ್ಟ್ರ ಬಾಡಿಗೆ ನಿಯಂತ್ರಣ ಕಾಯಿದೆಯ ೫೫ನೆಯ ಕಲಮು ಹೇಳುತ್ತದೆ; ನೋಂದಣಿ ಮಾಡಿಸುವ ಹೊಣೆ ಮನೆಯ ಮಾಲೀಕರದು. ಬಾಯಿಮಾತಿನ ಮೇಲೆ ಹಣ ಕೊಡಬೇಡಿ. ಕೊಟ್ಟ ಹಣಕ್ಕೆ ರಸೀದಿ ಕೇಳುವುದು ಅವಮರ್ಯಾದೆಯಲ್ಲ.

ನಾಲ್ಕು. ಇದು ಮಳೆಯ ದ್ವೀಪ. ೨೦೦೫ರ ಜುಲೈ ೨೬ರಂದು ಸಾಂತಾಕ್ರೂಜಿನಲ್ಲಿ ಒಂದೇ ದಿನ ೯೪೪ ಮಿಲಿಮೀಟರು ಮಳೆ ಬಿತ್ತು. ಗಾಡಿಗಳು ನಿಂತವು, ಜನ ಹಳಿಯ ಮೇಲೆ ನಡೆದರು. ಕೆಳಗಿನ ಮಜಲೆಯ ಖೋಲಿ ಅಗ್ಗವೆಂದು ಹಿಡಿಯುವ ಮುನ್ನ ನೆರೆಯವರನ್ನು “ಮಳೆಗಾಲದಲ್ಲಿ ನೀರು ಎಲ್ಲಿಯವರೆಗೆ ಬರುತ್ತದೆ?” ಎಂದು ಕೇಳಿ. ಮಾಲೀಕ ಹೇಳದ್ದನ್ನು ಗೋಡೆಯ ಮೇಲಿನ ತೇವದ ಗೆರೆ ಹೇಳುತ್ತದೆ.

ಐದನೆಯದು ಎಲ್ಲಕ್ಕಿಂತ ಮುಖ್ಯ. ಈ ಊರಿನ ಲೋಕಲ್ ಹಳಿಗಳ ಮೇಲೆ ಇತ್ತೀಚಿನ ವರ್ಷಗಳಲ್ಲಿ ವರ್ಷಕ್ಕೆ ಎರಡು ಸಾವಿರಕ್ಕೂ ಹೆಚ್ಚು ಜನ ಸತ್ತಿದ್ದಾರೆ. ಹಳಿ ದಾಟುವವರು, ಬಾಗಿಲಲ್ಲಿ ಜೋತಾಡುವವರು. ೨೦೨೫ರ ಜೂನ್ ೯ರಂದು ಮುಂಬ್ರಾದ ಹತ್ತಿರ ಎದುರುಬದುರು ಹೋಗುತ್ತಿದ್ದ ಎರಡು ಗಾಡಿಗಳ ಬಾಗಿಲಲ್ಲಿದ್ದವರು ಬಿದ್ದು ಪ್ರಾಣ ಕಳೆದುಕೊಂಡರು. ಅವರೂ ಹೊತ್ತಿಗೆ ಸರಿಯಾಗಿ ಕೆಲಸ ಮುಟ್ಟಬೇಕೆಂದು ಹೊರಟವರೇ. ಹಾಜರಿ ಪುಸ್ತಕ ಬರೆಯುವವನಾಗಿ ಹೇಳುತ್ತೇನೆ: ತಡವಾಗಿ ಬಂದವನ ಹೆಸರಿನ ಮುಂದೆ ಕೆಂಪು ಶಾಯಿಯ ಗುರುತು ಬೀಳುತ್ತದೆ, ಅಷ್ಟೇ. ಮರುದಿನ ಅವನು ಮತ್ತೆ ಬರುತ್ತಾನೆ. ಒಂದು ಗಾಡಿ ಬಿಟ್ಟು ಇನ್ನೊಂದಕ್ಕೆ ಬನ್ನಿ.

ಹೊಸ ದಾರಿಗಳು ಆಗುತ್ತಿವೆ. ೨೦೧೪ರಲ್ಲಿ ವರ್ಸೋವಾ-ಘಾಟಕೋಪರ್ ಮೆಟ್ರೋ ಬಂತು. ೨೦೨೫ರಲ್ಲಿ ಆರೆಯಿಂದ ಕಫ್ ಪರೇಡಿನವರೆಗೆ ನೆಲದೊಳಗಿನ ಮೆಟ್ರೋ ಪೂರ್ತಿಯಾಯಿತು. ಇವು ಕೆಲವರ ಹೊತ್ತನ್ನು ಉಳಿಸುತ್ತವೆ, ಸಂತೋಷ. ಆದರೆ ಹೊಸ ದಾರಿ ಬಂದಲ್ಲಿ ಬಾಡಿಗೆಯೂ ಏರುವುದುಂಟು. ಲೆಕ್ಕವನ್ನು ಪ್ರತಿ ಕರಾರಿಗೊಮ್ಮೆ ಹೊಸದಾಗಿಯೇ ಹಾಕಬೇಕು.

ಆ ಹುಡುಗ ಏನಾದನೆಂದು ತಾವು ಕೇಳಬಹುದು. ಅವನು ಹೋಟೆಲಿನ ಹತ್ತಿರದ ಹಳೆಯ ಖೋಲಿಗೇ ಮರಳಿದ. ಅವನ ಜಾಗಕ್ಕೆ ಬೇರೊಬ್ಬ ಬಂದಿದ್ದನಾದ್ದರಿಂದ ಬಾಗಿಲ ಬಳಿ ಮಲಗಬೇಕಾಯಿತು. ಬಾಡಿಗೆ ಮುಂಚಿನದಕ್ಕಿಂತ ೫೦೦ ಹೆಚ್ಚು. ಪರೀಕ್ಷೆಯ ಒಂದು ವರ್ಷ ಹೋಯಿತು. ಅದನ್ನು ನಾನು ಯಾವ ಲೆಕ್ಕದಿಂದಲೂ ತುಂಬಿಕೊಡಲಾರೆ. ಈ ಜೂನಿನಲ್ಲಿ ಮತ್ತೆ ಶಾಲೆಗೆ ಹೆಸರು ಕೊಟ್ಟಿದ್ದಾನೆ. ವ್ಯಾಕರಣ ಪುಸ್ತಕ ಪುನಃ ಅವನ ಹೆಸರಿನಲ್ಲಿದೆ. ಅವಧಿ ಮೀರಿದೆ, ನಾನು ಕೇಳಿಲ್ಲ.

ಗದ್ದಲದಲ್ಲಿ ಓದಲಾಗದವರಿಗೆ ಈ ವಾಚನಾಲಯವಿದೆ. ಆದುದರಿಂದ ಕಾರ್ಯಕಾರಿ ಸಮಿತಿಗೆ ನನ್ನದೊಂದು ವಿಜ್ಞಾಪನೆ. ಈಗ ಎಂಟಕ್ಕೆ ಮುಚ್ಚುವ ಬಾಗಿಲನ್ನು ಪರೀಕ್ಷೆಯ ತಿಂಗಳುಗಳಲ್ಲಾದರೂ ಹತ್ತೂವರೆಯವರೆಗೆ ತೆರೆದಿಡಬೇಕು. ವಾರದಲ್ಲಿ ಎರಡು ದಿನ ಬೀಗದ ಕೈ ನನ್ನ ಹತ್ತಿರ ಇರಲಿ. ಸ್ಟೇಶನ್ನಿನ ಹತ್ತಿರ ಮನೆ ಮಾಡಿದ ಮೇಲೆ ಉಳಿದ ಗಂಟೆಗಳಲ್ಲಿ ಅಷ್ಟನ್ನು ಕೊಡಬಲ್ಲೆ. ಮನೆಯಾಕೆಯನ್ನು ಕೇಳಿಯೇ ಹೇಳುತ್ತಿದ್ದೇನೆ. ಉಳಿದ ದಿನಗಳಿಗೆ ಇನ್ನಿಬ್ಬರು ಮೂವರು ಮುಂದೆ ಬರಬೇಕೆಂದು ಕೋರುತ್ತೇನೆ.