ಗಾಡಿ ನಡುಗಿದರೆ ಡ್ರೈವರನ ಸಂಬಳಕ್ಕೇಕೆ ಕತ್ತರಿ?
(ಸಂಘದ ಸಭೆಯಲ್ಲಿ ಆಡಿದ ಮಾತುಗಳು)



ನಾವು ಹೆಚ್ಚು ಓದಿದವರಲ್ಲ. ಮಿಡ್ಲ್ ಸ್ಕೂಲು ಮುಗಿಸಿ ಊರು ಬಿಟ್ಟು, ಕಪ್ಪು-ಬಸಿ ತೊಳೆದು, ಮೇಜು ಒರೆಸಿ ಬೆಳೆದವರು. ಇಂಜಿನಿನ ವಿಷಯ ನಮಗೇಕೆಂದು ನೀವು ಕೇಳಬಹುದು. ಕೇರಳದಲ್ಲಿ ನಮ್ಮ ಸೋದರನೊಬ್ಬನ ಸಂಬಳದ ಪ್ರಶ್ನೆ ಇಂಜಿನಿನೊಳಗೆ ಸಿಕ್ಕಿಕೊಂಡಿತ್ತು. ಆದ್ದರಿಂದ ನಾವೂ ಅದರೊಳಗೆ ಇಣುಕಬೇಕಾಯಿತು.

ಆತ ನಮ್ಮ ಕಡೆಯ ಹುಡುಗ. ಕೊಚ್ಚಿಯ ಹೋಟೆಲೊಂದರಲ್ಲಿ ಡ್ರೈವರ್. ಹೋಟೆಲಿನದು ಹಳೆಯ ಡೀಸೆಲ್ ಜೀಪು, ನಾಲ್ಕು ಚಕ್ರಕ್ಕೂ ಎಳೆತವಿರುವಂಥದು. ಮದುವೆ ಊಟದ ಗುತ್ತಿಗೆ ಬಂದಾಗ ಕಡಾಯಿ, ಕೊಪ್ಪರಿಗೆ, ಅಕ್ಕಿ ಮೂಟೆ ಹೇರಿಕೊಂಡು ಆಲಪ್ಪುಳ, ಕೊಲ್ಲಂ ಹಾದು ತಿರುವನಂತಪುರಕ್ಕೆ ಸುಮಾರು 200 ಕಿಲೋಮೀಟರು ಓಡಿಸುವುದು ಅವನ ಕೆಲಸ. ಒಂದು ಮಳೆಗಾಲ ಕಳೆದ ಮೇಲೆ ಗಾಡಿ ನಡುಗತೊಡಗಿತು. ಸ್ಟೀರಿಂಗು ಹಿಡಿದರೆ ಮೊಣಕೈತನಕ ಜುಮ್ಮೆನ್ನುವುದು. ಒಂದು ಗ್ಯಾರೇಜಿನವರು ಕ್ಲಚ್ ಪ್ಲೇಟು ಬದಲಿಸಿದರು, ನಡುಕ ನಿಲ್ಲಲಿಲ್ಲ. ಇನ್ನೊಬ್ಬರು ಟೈರು ಬದಲಿಸಿದರು, ಆಗಲೂ ನಿಲ್ಲಲಿಲ್ಲ. ಕಡೆಗೆ ಧಣಿಗಳು, "ಇವನು ಓಡಿಸಿದ ರೀತಿಗೇ ಗಾಡಿ ಹಾಳಾಯಿತು. ಖರ್ಚೆಲ್ಲ ಇವನ ಸಂಬಳದಲ್ಲಿ ಮುರಿಯುತ್ತೇವೆ" ಎಂದರು.

ಹುಡುಗ ನಮಗೆ ಹೇಳಿಕಳಿಸಿದ. ಧಣಿಗಳೊಡನೆ ನಾವು ಜಗಳಕ್ಕೆ ನಿಲ್ಲಲಿಲ್ಲ. ನಡುಕ ಎಲ್ಲಿಂದ ಬರುತ್ತದೆಂಬುದು ಮೊದಲು ತಿಳಿಯಲಿ, ಆಮೇಲೆ ತಪ್ಪು ಯಾರದೆಂದು ಮಾತಾಡೋಣ ಎಂದೆವು. ಅವರು ಒಪ್ಪಿದರು. ಮುಂದಿನ ಸಲ ಗಾಡಿ ತಿರುವನಂತಪುರಕ್ಕೆ ಹೋದಾಗ ನಾವೂ ಕುಳಿತು ಹೋದೆವು. ಅಲ್ಲಿ ಚಾಲೆ ಪೇಟೆಯ ಬಳಿಯ ಒಬ್ಬ ಮುದುಕ ಮೇಸ್ತ್ರಿಯ ಮುಂದೆ ಗಾಡಿ ನಿಲ್ಲಿಸಿದೆವು.

ಆತ ಸ್ಪ್ಯಾನರು ಮುಟ್ಟಲಿಲ್ಲ. ಮೊದಲು ಕೇಳಿದ್ದು ಒಂದೇ ಮಾತು: "ನಡುಕ ನಿಂತಾಗಲೋ, ಓಡುವಾಗಲೋ?" ನಿಂತಾಗಲೇ ಹೆಚ್ಚು ಎಂದ ನಮ್ಮ ಹುಡುಗ. "ಹಾಗಾದರೆ ಟೈರು, ಪ್ರೊಪೆಲ್ಲರ್ ಶಾಫ್ಟು, ಅದರ ಕ್ರಾಸು, ಯಾವುದೂ ಅಲ್ಲ. ನಿಂತ ಗಾಡಿಯಲ್ಲಿ ಅವು ತಿರುಗುವುದೇ ಇಲ್ಲವಲ್ಲ!" ಎಂದ ಮೇಸ್ತ್ರಿ. ಬಂಧುಗಳೇ, ಈ ಒಂದು ಮಾತನ್ನು ಮೊದಲೇ ಯಾರಾದರೂ ಕೇಳಿದ್ದರೆ ಟೈರಿನ ಹಣ ಉಳಿಯುತ್ತಿತ್ತು.

ಓಡುವಾಗ ನಡುಗುವ ಗಾಡಿಗೂ ಆತ ಉಪಾಯ ಹೇಳಿಕೊಟ್ಟ. ಒಂದೇ ವೇಗದಲ್ಲಿ ಗಿಯರು ಬದಲಿಸಿ ನೋಡಬೇಕು. ನಡುಕವೂ ಬದಲಾದರೆ ಇಂಜಿನಿನ ಕಡೆಯದು. ಬದಲಾಗದಿದ್ದರೆ ಚಕ್ರದ ಕಡೆಯದು. ಇನ್ನು ಇಂಥ ಹಳೆಯ ಜೀಪುಗಳಲ್ಲಿ ಮುಂದಿನ ಚಕ್ರದ ಲಿವರನ್ನು ಒಣ ಟಾರು ರಸ್ತೆಯಲ್ಲಿ ಹಾಕಿಯೇ ಓಡಿಸಬಾರದು. ತಿರುವಿನಲ್ಲಿ ಮುಂದಿನ ಚಕ್ರ ಹಿಂದಿನದಕ್ಕಿಂತ ಹೆಚ್ಚು ದೂರ ಉರುಳಬೇಕು. ಲಿವರು ಬಿದ್ದಿದ್ದರೆ ಎರಡೂ ಒಂದನ್ನೊಂದು ಎಳೆದಾಡುತ್ತವೆ.

ಎರಡನೆಯದಾಗಿ, ನ್ಯೂಟ್ರಲಿನಲ್ಲಿ ಕ್ಲಚ್ಚು ಒತ್ತಿಸಿದ, ಬಿಡಿಸಿದ. ನಡುಕದಲ್ಲಿ ವ್ಯತ್ಯಾಸವಿಲ್ಲ. ಕ್ಲಚ್ಚಿನ ಮೇಲಿನ ಸಂಶಯವೂ ಹೋಯಿತು.

ಮೂರನೆಯದು ಸಿಲಿಂಡರುಗಳ ಪರೀಕ್ಷೆ. ನಾಲ್ಕು ಸಿಲಿಂಡರಿನ ಇಂಜಿನು ಒಂದು ಸುತ್ತಿಗೆ ಎರಡು ಸಲ ಉರಿಯುತ್ತದೆ. ನಿಮಿಷಕ್ಕೆ 750 ಸುತ್ತಾದರೆ ಸೆಕೆಂಡಿಗೆ 25 ಏಟು. ಅದು ಒಂದೇ ಗುಂಯ್‌ಗುಟ್ಟುವಿಕೆಯಾಗಿ ಕೇಳುತ್ತದೆ. ಒಂದು ಸಿಲಿಂಡರು ಸತ್ತರೆ ಸೆಕೆಂಡಿಗೆ ಆರು ಸಲ ಏಟು ತಪ್ಪಿ ಗಾಡಿ ಕುಂಟುತ್ತದೆ. ಮೇಸ್ತ್ರಿ ಒಂದೊಂದೇ ಇಂಜೆಕ್ಟರಿನ ಪೈಪಿನ ನಟ್ಟು ಸಡಿಲಿಸಿದ. ಪ್ರತಿ ಸಲವೂ ಇಂಜಿನು ಮುಗ್ಗರಿಸಿತು. ಅಂದರೆ ನಾಲ್ಕೂ ದುಡಿಯುತ್ತಿದ್ದವು. ಮುಗ್ಗರಿಸದೆ ಇದ್ದದ್ದೇ ಮೈಗಳ್ಳ ಸಿಲಿಂಡರು ಎಂದು ತಿಳಿಯಬೇಕು. ಎಚ್ಚರ! ಇದು ಹಳೆಯ ಪಂಪಿನ ಇಂಜಿನಿಗೆ ಮಾತ್ರ, ಅದೂ ಬಲ್ಲವರ ಕೈಯಲ್ಲಿ. ಒತ್ತಡದಲ್ಲಿ ಚಿಮ್ಮುವ ಡೀಸೆಲು ಚರ್ಮದೊಳಗೆ ಹೊಕ್ಕರೆ ಕೈಯೇ ಹೋದೀತು. ಈಗಿನ ಕಾಮನ್ ರೈಲ್ ಗಾಡಿಗಳಲ್ಲಿ ಇದನ್ನು ಮಾಡಲೇಬಾರದು.

ಉಳಿದದ್ದು ಇಂಜಿನು ಕುಳಿತ ಜಾಗ. ರುಬ್ಬುವ ಯಂತ್ರದ ಕಾಲಿನ ರಬ್ಬರು ಸವೆದರೆ ಅಡಿಗೆಮನೆಯೇ ಅದುರುವುದನ್ನು ನೀವು ನೋಡಿಲ್ಲವೇ? ಇಲ್ಲೂ ಹಾಗೆಯೇ. ಇಂಜಿನು ನಿಲ್ಲಿಸಿ, ಕೆಳಗೆ ಹಲಗೆಯಿಟ್ಟು ಜಾಕಿನಿಂದ ಕೊಂಚ ಎತ್ತಿ ನೋಡಿದರೆ, ಒಂದು ಪಕ್ಕದ ಮೌಂಟಿಂಗ್ ರಬ್ಬರು ನೆನೆದ ಅವಲಕ್ಕಿಯ ಹಾಗೆ ಮೆತ್ತಗಾಗಿತ್ತು. ಕಬ್ಬಿಣ ಕಬ್ಬಿಣಕ್ಕೇ ತಾಗುತ್ತಿತ್ತು. ಮೇಲಿನ ಟ್ಯಾಪೆಟ್ ಕವರಿನ ಪ್ಯಾಕಿಂಗು ಒಡೆದು ಆಯಿಲು ಅದರ ಮೇಲೆಯೇ ತೊಟ್ಟಿಕ್ಕುತ್ತಿತ್ತು. ಮರದ ರಬ್ಬರಿಗೆ ಇಂಜಿನ್ ಆಯಿಲು ಶತ್ರು. ಹೀರಿ ಉಬ್ಬಿ ಬಲ ಕಳೆದುಕೊಳ್ಳುತ್ತದೆ. ರಬ್ಬರು ಬೆಳೆಯುವ ನಾಡಿನಲ್ಲೇ ಒಂದು ತುಂಡು ರಬ್ಬರಿಗಾಗಿ ಬಡವನ ಸಂಬಳ ಹೋಗುವುದರಲ್ಲಿತ್ತು!

ಆಯಿಲು ಸೋರುತ್ತಿದೆಯೆಂದು ಯಾರೂ ಹೇಳಿರಲಿಲ್ಲವೇ? ನಮ್ಮ ಹುಡುಗ ಟ್ರಿಪ್ ಪುಸ್ತಕ ತೆರೆದು ತೋರಿಸಿದ. ಎರಡು ಕಡೆ ತಾರೀಖು ಸಹಿತ ಬರೆದಿದ್ದ: "ಆಯಿಲು ಸೋರುತ್ತದೆ, ಪ್ಯಾಕಿಂಗು ಬೇಕು." ಯಾರೂ ಅದನ್ನು ಓದಿರಲಿಲ್ಲ.

ಕೊಚ್ಚಿಗೆ ಮರಳಿ ಆ ಪುಟವನ್ನು ಧಣಿಗಳ ಮುಂದಿಟ್ಟೆವು. ಜೊತೆಗೆ ಕಾನೂನನ್ನೂ ವಿನಯದಿಂದ ನೆನಪಿಸಿದೆವು. 1936ರ ವೇತನ ಪಾವತಿ ಕಾಯಿದೆ ಹೇಳುವುದೂ, ಅದರ ಜಾಗಕ್ಕೆಂದು ಮಾಡಿದ 2019ರ ವೇತನ ಸಂಹಿತೆ ಹೇಳುವುದೂ ಒಂದೇ: ಕೆಲಸಗಾರನ ಅಲಕ್ಷ್ಯದಿಂದಲೇ ನಷ್ಟವಾಗಿದ್ದರೆ ಮಾತ್ರ ಮುರಿತ, ಅದೂ ಅವನ ಸಮಜಾಯಿಷಿ ಕೇಳಿದ ನಂತರ, ನಷ್ಟದ ಮೊತ್ತ ಮೀರದಂತೆ. ಧಣಿಗಳು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, "ನಾನು ಪುಸ್ತಕ ನೋಡಬೇಕಿತ್ತು" ಎಂದರು. ಮುರಿತ ಕೈಬಿಟ್ಟರು.

ಬಂಧುಗಳೇ, ಯಂತ್ರ ಕೆಟ್ಟಾಗ ಬೆರಳು ಮೊದಲು ತಿರುಗುವುದು ಅದರ ಹತ್ತಿರ ನಿಂತವನ ಕಡೆಗೆ. ಆಗ ಹೆದರಿ ಯಾವ ಕಾಗದಕ್ಕೂ ಸಹಿ ಹಾಕಬೇಡಿ. ಕಾರಣವನ್ನು ಒಂದೊಂದಾಗಿ ಹುಡುಕಿಸಿ. ಕಂಡ ದೋಷವನ್ನು ಅಂದೇ ತಾರೀಖು ಹಾಕಿ ಬರೆದಿಡಿ. ಆ ಹುಡುಗನ ಎರಡು ಸಾಲು ಬರಹ ಅವನ ತಿಂಗಳ ಅನ್ನ ಉಳಿಸಿತು.